ಬೂದಿಯಲ್ಲಿ ಸಿಕ್ಕ ಎಣ್ಣೆ

ಬೆಂಕಿಗೆ ಒಂದು ಮರಗೆಲಸದ ಮಳಿಗೆ ಹೋಗಿತ್ತು. ಆಮೇಲೆ ಅಣ್ಣನೇ ಕೊಟ್ಟ ಪೊಲೀಸ್ ದೂರಿನಿಂದ ಒಬ್ಬ ತಮ್ಮ ಜೈಲಿಗೆ ಹೋಗಿದ್ದ. ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ದರ್ಜಿಗೆ, ಪಕ್ಕದಲ್ಲಿದ್ದ ಬಡಗಿ ಮತ್ತು ಅವನ ಹೆಂಡತಿಯ ಮಾತಿನಿಂದ ಇಷ್ಟು ತಿಳಿಯಿತು.

“ನಿಮ್ಮ ತಮ್ಮನೇ ಸೀಮೆಎಣ್ಣೆ ಸುರಿದ ಅಂತ ನೀವೇ ತಾನೆ ಬರೆದುಕೊಟ್ಟಿದ್ದು?”

“ಜಗಳ ಆಡಿ ಹೋದ ದಿನವೇ ಹತ್ತಿಕೊಂಡ್ರೆ ಇನ್ನೇನು ಅಂದ್ಕೊಳ್ಳಲಿ?”

“ಬೂದಿ ಪರೀಕ್ಷೆ ಮಾಡಿದ ಲ್ಯಾಬಿನವರು ಏನಂದ್ರು?”

“ಚಿಟಿಕೆ ಬೂದಿ ಸಾಕಾಯ್ತಂತೆ ಕಣೇ. ಅದರಲ್ಲಿರೋದನ್ನ ಆವಿ ಮಾಡಿ ಕೂದಲಿನಂಥ ಕೊಳವೆಯಲ್ಲಿ ಓಡಿಸ್ತಾರೆ. ಒಂದೊಂದು ಪದಾರ್ಥ ಬೇರೆಬೇರೆಯಾಗಿ ಹೊರಗೆ ಬರುತ್ತೆ. ಇನ್ನೊಂದು ಯಂತ್ರ ಅದನ್ನ ಚೂರು ಮಾಡಿ, ಚೂರುಗಳನ್ನ ತೂಗಿ, ಇಂಥದ್ದೇ ಅಂತ ಹೇಳುತ್ತೆ.”

“ಆವಿಗೂ ತಕ್ಕಡಿನಾ?”

ದರ್ಜಿ ತನ್ನ ಬಸ್ಸನ್ನು ಹೋಗಲು ಬಿಟ್ಟ.

“ಸೀಮೆಎಣ್ಣೆ ಹನಿಯೂ ಇಲ್ವಂತೆ. ಸಿಕ್ಕಿದ್ದು ಅಗಸೆ ಎಣ್ಣೆ.”

“ನೀವು ಮೇಜಿಗೆ ಹಚ್ಚೋದು.”

“ಎಣ್ಣೆ ಹಚ್ಚಿದ ಬಟ್ಟೆ ನಾನೇ ಮೂಲೆಯಲ್ಲಿ ಗುಡ್ಡೆ ಹಾಕಿದ್ನಲ್ಲ, ಅದು ತಾನೇ ಕಾದು ಹತ್ತಿಕೊಳ್ಳುತ್ತಂತೆ.”

ಅವಳು ಬಸ್ಸು ಬಂತೇ ಎಂದು ರಸ್ತೆಯತ್ತ ನೋಡಿದಳು.

“ಇವತ್ತು ಜೈಲಿಂದ ಬಿಟ್ಟಾಗ ಅವನಿಗೆ ಏನು ಹೇಳ್ತೀರಿ?”

“ಈ ಯಂತ್ರದ ವಿಷಯ ಹೇಳ್ತೀನಿ.”

“ಯಂತ್ರ ಹಾಗಿರಲಿ, ಮೊದಲು ತಪ್ಪಾಯ್ತು ಅನ್ನಿ.”

ಜೈಲಿನ ಕಡೆಯ ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು. ತಮ್ಮನಿಗೆ ಬಿಡುಗಡೆ ಸಿಕ್ಕಿತ್ತು. ಅಣ್ಣನಿಗೆ ತಮ್ಮ ಸಿಗುವುದು ಇನ್ನೂ ಬಾಕಿಯಿತ್ತು.