ಟ್ರ್ಯಾಕ್ಟರ್ ಹತ್ತಿಸಿದವರು

ಬಸ್ ಸ್ಟ್ಯಾಂಡಿನಲ್ಲಿ ಸಂಡೂರು ಬಸ್ಸಿಗೆ ಕಾಯುತ್ತಿದ್ದೆ. ಊರಿಂದ ಬುತ್ತಿ ತಂದ ಹೆಂಗಸೊಬ್ಬಳು ಮುನ್ಸಿಪಾಲ್ಟಿ ಮೇಸ್ತ್ರಿಯನ್ನು ಅಡ್ಡಗಟ್ಟಿದ್ದಳು.

“ನನ್ನ ಗಂಡ ಗಾಳೆಪ್ಪನ್ನ ಎಲ್ಲಿ ಒಯ್ದ್ರಿ?”

“ಮಂತ್ರಿ ಬರ್ತಾರಮ್ಮ. ಭಿಕ್ಷುಕರನ್ನೆಲ್ಲ ಟ್ರ್ಯಾಕ್ಟರ್‌ನ್ಯಾಗ ಮರಿಯಮ್ಮನಹಳ್ಳಿ ಆಚೆ ಬಿಟ್ಟು ಬಂದೀವಿ.”

“ಅಂವ ಭಿಕ್ಷುಕ ಅಲ್ರೀ! ಅದಿರು ಗಣಿಯಾಗ ದುಡೀತಾನ. ಬಾಡಿಗಿಗೆ ರೂಮ್ ಸಿಗಲಾರದಕ್ಕ ಇಲ್ಲಿ ಮಲಗ್ತಾನ.”

“ಮೈತುಂಬ ಕೆಂಪು ಧೂಳಿತ್ತು. ನಮಗೇನ್ ಗೊತ್ತು?”

“ನಿಮ್ಮ ಅಂಗಿ ನೋಡ್ಕೊರಿ, ಯಾವ ಬಣ್ಣ ಐತಿ?”

ಮೇಸ್ತ್ರಿ ಅಂಗಿ ಕೊಡವಿದ. ಧೂಳು ಹೋಗಲಿಲ್ಲ.

“ಚಿಂತಿ ಬ್ಯಾಡ. ಹೋದ ಸಲ ಬಿಟ್ಟವರೆಲ್ಲ ಅದಿರು ಲಾರಿ ಹತ್ತಿ ಸಂಜಿಗೇ ವಾಪಸ್ ಬಂದ್ರು.”

“ಮತ್ಯಾಕ ಒಯ್ತೀರಿ?”

“ಮಂತ್ರಿ ಮಧ್ಯಾಹ್ನಕ್ಕೇ ಹೋಗ್ತಾರಲ್ಲ!”

ಅವಳು ಬುತ್ತಿ ಎತ್ತಿಕೊಂಡು ಮರಿಯಮ್ಮನಹಳ್ಳಿ ಬಸ್ಸಿನತ್ತ ಓಡಿದಳು.