ರಾಜಪಾರ್ಟಿನ ದನಿ

ಹೂಂ, ಹಾಡ್ತೀನಿ ಕಾಡಸಿದ್ದಪ್ಪ ಮೇಷ್ಟ್ರೇ, ಹಾಡ್ತೀನಿ! ನಿಮ್ಮ ಹಾರ್ಮೋನಿ ಎಲ್ಲೂ ಓಡೋಗಲ್ಲ. ಮೊದ್ಲು ಈ ಟೀ ಕುಡಿಯೋಕೆ ಬುಡಿ. ಆರು ವರ್ಷ ಟೀವೀಲಿ ಗೌಡನಾಗಿ ಮೆರೆದೋನು ನಾಟಕದ ತಾಲೀಮಿಗೆ ಬಂದಿದ್ದೀನಿ, ಒಂದು ಲೋಟ ಟೀಗೂ ಪುರುಸೊತ್ತಿಲ್ವಾ?

ಯಾಕೆ ನಗ್ತೀರಿ? ನಗಿ, ನಗಿ... ಸೀರಿಯಲ್ ಗೌಡ ಎಂಥೋನು ಗೊತ್ತಾ? ಹೊಲ ಇಲ್ಲ, ಎತ್ತಿಲ್ಲ, ಕಾಲಿಗೆ ಮಣ್ಣೇ ಅಂಟಲ್ಲ. ರೇಷ್ಮೆ ಪಂಚೆ ಉಟ್ಟು ಸೋಫಾ ಮ್ಯಾಲೆ ಕೂತು ಸೊಸೆಯಂದಿರ ಜಗಳ ನೋಡೋದೇ ಗೌಡಿಕೆ! ಒಬ್ಬಳು ಟೀ ಕಪ್ಪು ಒಡೆದ್ರೆ ನನ್ನ ಮುಖ ತೋರ್ಸಿ ಮೂರು ಸಲ ಗುಡುಗು. ಕಡ್ಲೇಕಾಯಿ ಮರದಲ್ಲಿ ಬಿಡುತ್ತೆ ಅಂದ್ಕೊಂಡಿರೋ ಡೈರೆಕ್ಟರು ನಂಗೆ ಹೇಳ್ಕೊಡ್ತಾನೆ, ‘ಸಾರ್, ಹಳ್ಳಿಯವರು ಹಾಗೆ ನಡೆಯಲ್ಲ’ ಅಂತ! ಬಡವನಹಳ್ಳೀಲಿ ಹುಟ್ಟಿದ ಈ ತಿಪ್ಪೇರುದ್ರಂಗೆ!

ಅಲ್ಲಿ ನಮ್ಮ ಸೀಮೆ ಮಾತು ಯಾರಿಗೆ ಕೊಡ್ತಾರೆ ಹೇಳಿ? ಅಡುಗೆಯವನಿಗೆ, ಕಳ್ಳನಿಗೆ, ಪೆದ್ದನಿಗೆ. ಗೌಡನಿಗೆ ಪುಸ್ತಕದ ಕನ್ನಡ. ಅನ್ನ ಬೆಳೆಯೋರು ನಾವು; ನಾವು ಬಾಯಿ ತೆಗೆದ್ರೆ ಅವರಿಗೆ ಕಾಮಿಡಿ! ಥೂ!

ಮತ್ತೆ ಶ್ರುತಿ ಹಿಡಿದ್ರಾ? ತಡೀರಿ ಅಂದ್ನಲ್ಲ... ಆ ಶಿರಾದ ಶಂಕರಲಿಂಗಪ್ಪ ಯಾಕೆ ಕಂಬಕ್ಕೊರಗಿ ನಿಂತವ್ನೆ? ನಾನು ಹಾಡದಿದ್ರೆ ರಾಜಪಾರ್ಟು ಅವನಿಗಾ? ಕೊಡಬ್ಯಾಡಿ ಮೇಷ್ಟ್ರೇ, ನಿಮ್ಮ ದಮ್ಮಯ್ಯ! ಮಧುಗಿರಿ ಬಸ್ ಸ್ಟ್ಯಾಂಡಿಂದ ಇಲ್ಲಿಗಂಟ ಬ್ಯಾನರ್ ಕಟ್ಟವ್ರೆ: ‘ಟೀವಿ ಗೌಡರ ಸಿಂಹದನಿ ಕೇಳಲು ಬನ್ನಿ!’ ಸೀರಿಯಲ್ ಮುಗಿದ ಮ್ಯಾಲೆ ನನ್ನ ಕರೆದಿರೋದು ನಮ್ಮೂರೊಂದೇ. ಇದೂ ಕೈ ಬಿಟ್ರೆ ನಾನು ಯಾವ ಆಕ್ಟರು?

ಮೈಕು ಬ್ಯಾಡ್ವಾ? ಬರೀ ಗಂಟಲಲ್ಲೇ ಹಾಡಬೇಕಾ? ಆಯ್ತು, ಕೇಳಿ. ‘ಎಲವೋ ಸಾರಥೀ... ರಥವ ಹೂಡೂ...’

ಯಾಕೆ, ಹಾರ್ಮೋನಿಯಿಂದ ಕೈ ತೆಗೆದುಬುಟ್ರಿ? ಶ್ರುತಿ ತಪ್ತಾ? ಇಲ್ವಲ್ಲ... ಟೀವೀಲಿ ಬರೋ ಹಂಗೇ ಇತ್ತಲ್ಲ! ಅದೇ ಗತ್ತು, ಅದೇ... ಹಂಗೆ ನೋಡಬ್ಯಾಡಿ ಮೇಷ್ಟ್ರೇ. ಬಯ್ಯಿರಿ. ಚಿಕ್ಕಂದಲ್ಲಿ ಬೆನ್ನಿಗೆ ಬಾರಿಸಿ ಹಾಡು ಕಲ್ಸಿದೋರು ನೀವು, ಈಗ್ಲೂ ಎರಡು ಬಾರಿಸಿ!

...ಅದು ನನ್ನ ದನಿ ಅಲ್ಲ ಅಂತ ಸೀರಿಯಲ್ ಬಂದ ಮೊದಲನೇ ದಿನವೇ ಗೊತ್ತಾಗಿತ್ತಾ ನಿಮಗೆ? ಆರು ವರ್ಷದಿಂದ ಯಾರಿಗೂ ಹೇಳ್ಲೇ ಇಲ್ವಾ?

ಡಬ್ಬಿಂಗು ಮೇಷ್ಟ್ರೇ. ನನ್ನ ದನಿ, ನನ್ನ ಮಾತು ಗೌಡನಿಗೆ ಒಪ್ಪಲ್ಲ ಅಂದ್ರು. ಯಾವನೋ ಒಬ್ಬ ಮಾತಾಡ್ದ. ಅವನ ಮುಖಾನೂ ಕಂಡಿಲ್ಲ ನಾನು. ಸಿಕ್ಕಿಬೀಳಬಾರ್ದು ಅಂತ ದಿನಾ ಟೀವಿ ಮುಂದೆ ಕೂತು ಅವನ ಗಂಟಲು ಕಲ್ತೆ. ಈಗ ಹೆಂಡತಿ ವನಜನ್ನ ಕರೆಯೋದೂ ಅದೇ ದನೀಲಿ...

ನನ್ನ ದನಿ ಹೆಂಗಿತ್ತು ಮೇಷ್ಟ್ರೇ? ನಿಮಗಾದ್ರೂ ನೆನಪೈತಾ?