ಎಂಟನೇ ದಿನಕ್ಕೆ ಮುಂಚೆ ಇಟ್ಟ ಹೆಸರು

ದೀಪ ಸ್ವಲ್ಪ ಸಣ್ಣ ಮಾಡಿ, ಹತ್ತಿರ ಬನ್ನಿ. ಇದು ನಮ್ಮ ಪಕ್ಕದಂಗಳದ ನ್ಯೀಮಾಗೆ ಆದದ್ದು. ಅವಳು ಇವತ್ತಿಗೂ ಇದ್ದಾಳೆ, ಬೇಕಿದ್ದರೆ ಹೋಗಿ ಕೇಳಿ.

ಆಗ ಮಳೆಗಾಲ. ಕಣಜದ ಅಕ್ಕಿ ಮುಗಿದು, ಗದ್ದೆಯ ಪೈರು ಇನ್ನೂ ಹಸಿರಾಗಿಯೇ ನಿಂತಿರುವ ಹಸಿವಿನ ತಿಂಗಳು. ರಾತ್ರಿ ಹನ್ನೊಂದಾಗಿತ್ತು. ಊರಾಚೆಯ ಲ್ಯಾಬಿನಿಂದ ನ್ಯೀಮಾ ಒಬ್ಬಳೇ ಬರುತ್ತಿದ್ದಳು. ಆ ಕೆಲಸವೇ ಹಾಗೆ... ಅಲ್ಲಿ ಬಾಟಲಿಗಳಲ್ಲಿ ಜೀವಕೋಶ ಬೆಳೆಸುತ್ತಾರೆ. ದಿನ ಬಿಟ್ಟು ದಿನ ಹೊತ್ತಿಗೆ ಸರಿಯಾಗಿ ಅವಕ್ಕೆ ಅನ್ನ ಹಾಕಬೇಕು. ಅನ್ನ ಅಂದರೆ ಒಂಥರಾ ಕೆಂಪು ನೀರು. ಹೊತ್ತು ತಪ್ಪಿದರೆ ಸಾಯುತ್ತವೆ.

ಹೆಂಗಸರ ಬಾವಿಯ ಹತ್ತಿರ ಬಂದಳು. ಹಗಲೆಲ್ಲ ಗಲಗಲ ಅನ್ನುವ ಜಾಗ. ಈಗ ಒಂದು ಕಪ್ಪೆಯೂ ವಟಗುಟ್ಟುತ್ತಿಲ್ಲ.

ಟುಪ್-ಟುಪ್... ಟುಪ್-ಟುಪ್...

ಬಾವಿಹಗ್ಗದಿಂದ ನೀರು ತೊಟ್ಟಿಕ್ಕುತ್ತಿದೆ ಅಂದುಕೊಂಡಳು. ನೋಡಿದರೆ ಹಗ್ಗವನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಅಲ್ಲದೆ ನೀರು ತೊಟ್ಟಿಕ್ಕುವುದು ಒಂದೊಂದೇ ಹನಿ. ಇದು ಎರಡೆರಡು. ಬಾವಿಯೊಳಗಿಂದಲೂ ಬರುತ್ತಿರಲಿಲ್ಲ... ಅವಳು ನಡೆದು ಬಂದ ದಾರಿಯ ಕಡೆಯಿಂದ, ಬೆನ್ನ ಹಿಂದಿನಿಂದ ಬರುತ್ತಿತ್ತು.

ಆ ತಾಳ ಅವಳಿಗೆ ಗೊತ್ತಿತ್ತು. ಅದೇ ಸಂಜೆ ಅದನ್ನು ನೋಡಿದ್ದಳು. ಹೌದು, ನೋಡಿದ್ದಳು... ಕೇಳಿರಲಿಲ್ಲ.

ತಾಳಿ, ಹೇಳುತ್ತೇನೆ.

ಆ ಲ್ಯಾಬಿನಲ್ಲಿ ಬೆಳೆಸುವುದು ನಮ್ಮೂರ ಮಕ್ಕಳ ಹೊಕ್ಕುಳಬಳ್ಳಿಯ ಕೋಶಗಳನ್ನು. ಹಸಿವಿನ ಕಾಲದಲ್ಲಿ ಬಸಿರಾದವರದು ಒಂದು ಕಡೆ, ಸುಗ್ಗಿಯಲ್ಲಿ ಬಸಿರಾದವರದು ಇನ್ನೊಂದು ಕಡೆ. ನನಗೆ ತಿಳಿಯಲಿ ಅಂತ ನ್ಯೀಮಾ ಬಿಡಿಸಿ ಹೇಳಿದ್ದಳು. "ಅಜ್ಜೀ, ಒಂದೊಂದು ಕೋಶದೊಳಗೂ ಇಡೀ ಮನುಷ್ಯನ ಬರಹ ಇರುತ್ತೆ. ಆದ್ರೆ ಎಲ್ಲಾ ಪುಟಾನೂ ಓದೋ ಹಾಗಿಲ್ಲ. ಬೇಡದ ಪುಟಕ್ಕೆ ಸಣ್ಣಸಣ್ಣ ಮುದ್ರೆ ಒತ್ತಿರುತ್ತೆ. ಚರ್ಮದ ಕೋಶ ಗುಂಡಿಗೆಯ ಪುಟ ತೆರೆಯಲ್ಲ. ತಾಯಿ ಉಂಡಿದ್ದು, ಉಪವಾಸ ಬಿದ್ದಿದ್ದು, ಎಲ್ಲಾ ಆ ಮುದ್ರೇಲಿ ಉಳಿದಿರುತ್ತೆ." ಕೋಶದೊಳಗಿನದೆಲ್ಲ ಒಂದಕ್ಕೊಂದು ಗಂಟು ಬಿದ್ದಿದೆಯಂತೆ, ನಮ್ಮ ಗಾಂಬಿಯಾ ನದಿಯ ಬೆಸ್ತರ ಬಲೆಯ ಹಾಗೆ. ಇಲ್ಲೊಂದು ಗಂಟು ಜಗ್ಗಿದರೆ ಕಾಣದ ಮೂಲೆಯಲ್ಲಿ ಇನ್ನೊಂದು ಅಲುಗುತ್ತದೆ.

ಬಾಟಲಿಗಳಿಗೆ ಅಲ್ಲಿ ಹೆಸರಿಲ್ಲ, ಬರೀ ನಂಬರು. ಆದರೆ ಒಂದಕ್ಕೆ ನ್ಯೀಮಾ ಹೆಸರಿಟ್ಟುಬಿಟ್ಟಿದ್ದಳು. ಅದು ಅವಳ ಅತ್ತಿಗೆ ಸುತೇಯ ಕೂಸಿನದು. ಸುತೇಗೆ ಮೊದಲೆರಡು ಮಕ್ಕಳು ಹೊಟ್ಟೆಯಲ್ಲೇ ಹೋದವು. ಮೂರನೆಯದು ಹುಟ್ಟಿ, ಆರನೇ ದಿನ ಹೋಯಿತು. ನಮ್ಮಲ್ಲಿ ಎಂಟನೇ ದಿನವೇ ಕೂಸಿನ ತಲೆ ಬೋಳಿಸಿ, ಕಿವಿಯಲ್ಲಿ ಹೆಸರು ಉಸುರುವುದು. ಅಲ್ಲಿಯವರೆಗೆ ಯಾರೂ ಹೆಸರೆತ್ತುವ ಹಾಗಿಲ್ಲ. ಆ ಕೂಸನ್ನು ಹೆಸರಿಲ್ಲದೆಯೇ ಮಣ್ಣು ಮಾಡಿದರು. ಸುತೇ ಮನಸ್ಸಿನಲ್ಲಿಟ್ಟುಕೊಂಡಿದ್ದ ಹೆಸರು ನ್ಯೀಮಾಗೆ ಮಾತ್ರ ಗೊತ್ತಿತ್ತು. ಸಂಕಟ ತಡೆಯದೆ ಏಳನೇ ದಿನ ಬಾಟಲಿಯ ಬಾಯಿಗೆ ಬಗ್ಗಿ, "ಯಾಂಕುಬಾ, ಉಣ್ಣಪ್ಪಾ" ಅಂದಳು. ಆಮೇಲೆ ಅನ್ನ ಹಾಕುವಾಗಲೆಲ್ಲ ಅಂದಳು.

ಜೊತೆಯ ಬಾಟಲಿಗಳು ನಾಲ್ಕಾರು ತಿಂಗಳಿಗೆ ಮುದಿಯಾಗಿ ನಿಂತುಹೋದವು. ಇದು ಎರಡು ವರ್ಷವಾದರೂ ಬೆಳೆಯುತ್ತಲೇ ಇತ್ತು. ಆ ಸಂಜೆ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದರೆ... ಹೊಕ್ಕುಳಬಳ್ಳಿಯ ಕೋಶಗಳು ಮುದ್ರೆ ಒಡೆದುಕೊಂಡು ಗುಂಡಿಗೆಯ ಹಾಗೆ ಬಡಿಯುತ್ತಿದ್ದವು. ಎಲ್ಲವೂ ಒಟ್ಟಿಗೆ. ಎರಡೆರಡು ಸಲ.

ಬಾವಿಯಿಂದ ನ್ಯೀಮಾ ಓಡಿಯೇ ಮನೆ ಸೇರಿದಳು. ಅಂಗಳದಲ್ಲಿ ಸುತೇ ಚಾಪೆಯ ಮೇಲೆ ಕೂತಿದ್ದಳು. ಆಗ ಅವಳು ಮತ್ತೆ ಏಳು ತಿಂಗಳ ಬಸುರಿ.

"ಇನ್ನೂ ಮಲಗಿಲ್ವಾ ಅತ್ಗೆ?"

"ಕೂಸು ಅಲುಗ್ತಿಲ್ಲ ಕಣೇ..."

"ಯಾವಾಗಿಂದ?"

"ನಿನ್ನೆ ಬೆಳಗ್ಗಿಂದ. ಸೂಲಗಿತ್ತಿ ಟೀಡಾ ಹೊಟ್ಟೆಗೆ ಕೊಳವೆ ಇಟ್ಟು ಕೇಳಿದ್ಳು. ಏನೂ ಹೇಳ್ದೆ ಎದ್ದು ಹೋದ್ಳು."

ಮೊನ್ನೆ ಅನ್ನ ಹಾಕುವಾಗ ಬಾಟಲಿಯಲ್ಲಿ ಬಡಿತ ಇರಲಿಲ್ಲ. ಅಂದರೆ ಇತ್ತ ಹೊಟ್ಟೆಯಲ್ಲಿ ನಿಂತದ್ದೇ ಅತ್ತ ಬಾಟಲಿಯಲ್ಲಿ ಶುರುವಾಗಿತ್ತು. ನ್ಯೀಮಾ ಅಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಸುತೇ ಅಳಲಿಲ್ಲ.

"ಹೆಸರಿಟ್ಯಾ?"

"ಹ್ಞೂಂ... ನೀನಂದ್ಕೊಂಡಿದ್ದ ಹೆಸ್ರೇ. ಯಾ..."

ಸುತೇ ಅವಳ ಬಾಯಿ ಮುಚ್ಚಿದಳು. "ಇಲ್ಲಿ ಬೇಡ. ನಡಿ."

ಲ್ಯಾಬಿನ ಗೇಟಿನಲ್ಲಿ ಕಾವಲುಗಾರ ಕೆಮೋ ಟೀ ಕುದಿಸುತ್ತಿದ್ದ. ಅವನ ಮನೆತನಕ್ಕೂ ಇವರ ಮನೆತನಕ್ಕೂ ಅಜ್ಜಂದಿರ ಕಾಲದಿಂದ ತಮಾಷೆಯ ನಂಟು, ಎದುರಾದಾಗಲೆಲ್ಲ ಒಬ್ಬರನ್ನೊಬ್ಬರು ಬೈದು ರೇಗಿಸಲೇಬೇಕು.

"ಬಂದ್ರಪ್ಪಾ ಹೊಟ್ಟೆಬಾಕರು! ಒಬ್ಳು ಸಾಲ್ದು ಅಂತ ಇಬ್ರೂ ಬಂದ್ರಾ? ಮಡಕೇಲಿ ಏನೂ ಉಳಿದಿಲ್ಲ, ಹೋಗಿ!"

ದಿನವೂ ನ್ಯೀಮಾ "ನಿಮ್ಮ ಮನೇಲಿ ಮಡಕೆ ಬೇರೆ ಇದ್ಯೇನೋ?" ಅನ್ನುತ್ತಿದ್ದಳು. ಆವತ್ತು ನೇರ ಗೇಟಿಗೆ ಹೋಗಿ ನಿಂತಳು. ಕೆಮೋ ಸುತೇಯ ಮುಖ ನೋಡಿದ. ಎದ್ದು ಚಿಲಕ ತೆಗೆದ... ಕಿರ್ರ್...

ಕೋಶಗಳಿಗೆ ಅಂತ ಹಗಲೂ ರಾತ್ರಿ ಮೂವತ್ತೇಳು ಡಿಗ್ರಿ ಕಾವಿನಲ್ಲೇ ಇಡುವ ಬೆಚ್ಚನೆಯ ಪೆಟ್ಟಿಗೆಯಿಂದ ಬಾಟಲಿ ತೆಗೆದು ನ್ಯೀಮಾ ಮೈಕ್ರೋಸ್ಕೋಪಿನಡಿ ಇಟ್ಟಳು. ಸುತೇ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇವ್ನೇನಾ?"

"ಇವ್ನೇ."

"ಚೆನ್ನಾಗವ್ನೆ..." ಅಂದಳು.

ಆಗ ಡುಗುಡುಗು ಅನ್ನುತ್ತಿದ್ದ ಜನರೇಟರು ನಿಂತಿತು. ಕತ್ತಲಲ್ಲಿ ಆ ಸದ್ದು ಕೋಣೆಯ ತುಂಬ ಕೇಳಿಸಿತು. ಟುಪ್-ಟುಪ್... ಟುಪ್-ಟುಪ್...

ನ್ಯೀಮಾ ತಡಕಾಡಿ ಬ್ಲೀಚಿಂಗ್ ನೀರಿನ ಕ್ಯಾನು ಹಿಡಿದಳು. "ಇದೊಂದು ತೊಟ್ಟು ಹಾಕಿದ್ರೆ ನಿಂತೋಗುತ್ತೆ ಅತ್ಗೆ."

"ಕೆಳಗಿಡು ಅದನ್ನ. ನನ್ ಮಗನ್ನ ಎರಡು ಸಲ ಸಾಯಿಸ್ತೀಯಾ?"

ಸುತೇ ಬಾಟಲಿಯನ್ನು ಎದೆಗೆ ಆನಿಸಿಕೊಂಡಳು. ಮುಚ್ಚಳ ಬಿಚ್ಚಿದಳು. ಕಿವಿಯಲ್ಲಿ ಹೆಸರು ಉಸುರುವವರ ಹಾಗೆ ತುಟಿ ಹತ್ತಿರ ಒಯ್ದಳು.

"ನಿಂಗೆ ಅವಸರದಲ್ಲಿ ಹೆಸರು ಕೊಟ್ಬಿಟ್ರು ಮಗಾ. ನಿನ್ನ ತಪ್ಪಲ್ಲ. ಅಮ್ಮಂಗೆ ವಾಪಸ್ ಕೊಡು... ತಮ್ಮಂಗೆ ಬೇಕು."

ಟುಪ್-ಟುಪ್... ಟುಪ್-ಟುಪ್... ಟುಪ್...

ಇನ್ನೊಂದು ಬರಲಿಲ್ಲ.

ನ್ಯೀಮಾ ಉಸಿರು ಹಿಡಿದು ಕಾದಳು. ಬರಲಿಲ್ಲ. ಕತ್ತಲಲ್ಲಿ ಸುತೇಯ ಕೈ ಬಂದು ಅವಳ ಕೈ ಹಿಡಿಯಿತು, ಎಳೆದು ಹೊಟ್ಟೆಯ ಮೇಲೆ ಒತ್ತಿತು. ಒಳಗಿಂದ ಧಪ್ ಅಂತ ಒಂದು ಒದೆ ಬಿತ್ತು.

ಬೆಳಗಾಗುವಷ್ಟರಲ್ಲಿ ಕೋಶಗಳೆಲ್ಲ ಬಾಟಲಿಯ ತಳದಿಂದ ಕಳಚಿ ತೇಲುತ್ತಿದ್ದವು. ನ್ಯೀಮಾ ಲ್ಯಾಬಿನ ಪುಸ್ತಕದಲ್ಲಿ ತನ್ನ ಎರಡು ವರ್ಷದ ಕೆಲಸದ ಮುಂದೆ "ಸತ್ತಿತು" ಅಂತ ಬರೆದು, ಬಾಟಲಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಳು. ಅತ್ತಿಗೆ ನಾದಿನಿ ಇಬ್ಬರೇ ಹೋಗಿ ಆ ಕೂಸಿನ ಹಳೆಯ ಪುಟ್ಟ ಗೋರಿಯ ಪಕ್ಕದಲ್ಲೇ ಮಣ್ಣು ಮಾಡಿದರು.

ಭತ್ತ ಕೊಯ್ಯುವ ಹೊತ್ತಿಗೆ ಗಂಡು ಕೂಸು ಹುಟ್ಟಿತು. ಎಂಟನೇ ದಿನ ಕಾದು ಹೆಸರಿಟ್ಟರು. ಯಾವ ಹೆಸರು ಅಂತ ನಿಮಗೇ ಗೊತ್ತು. ಈಗ ಅವನಿಗೆ ಒಂಬತ್ತು ವರ್ಷ, ನನ್ನ ಕಡಲೆಕಾಯಿ ಕದಿಯುವವನೇ ಅವನು.

ನಂಬದವರು ನಂಬಬೇಡಿ. ಹೋದ ಮಳೆಗಾಲದಲ್ಲಿ ಅವನಿಗೆ ಮಲೇರಿಯಾ ಬಂತು. ಹಲ್ಲು ಕಟಕಟ ಅನ್ನುತ್ತಿತ್ತು. ನಾನೇ ಬೆನ್ನ ಮೇಲೆ ಕಟ್ಟಿಕೊಂಡು ಆಸ್ಪತ್ರೆಗೆ ಹೋದೆ. ನರ್ಸು ಜ್ವರದ ಕಡ್ಡಿ ಇಟ್ಟಳು. ಮೂವತ್ತೇಳು. ಬೇರೆ ಕಡ್ಡಿ ತಂದಳು. ಮೂವತ್ತೇಳು. ಆಮೇಲೆ ಅವನ ಹಳೆಯ ಚೀಟಿ ತೆಗೆದಳು... ಹುಟ್ಟಿದಾಗಿನಿಂದ, ದಡಾರ ಬಂದಾಗ, ಬಿಸಿಲಲ್ಲಿ ಬಿದ್ದಾಗ, ಎಲ್ಲ ಸಲವೂ ಮೂವತ್ತೇಳು. ಒಂದು ಗೆರೆ ಮೇಲಿಲ್ಲ, ಒಂದು ಗೆರೆ ಕೆಳಗಿಲ್ಲ. ಆ ಚೀಟಿಯನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ನನಗೆ ಓದು ಬರದಿರಬಹುದು... ಒಂದೇ ಅಂಕಿ ಮೇಲಿಂದ ಕೆಳಗಿನವರೆಗೆ ಸಾಲಾಗಿ ನಿಂತಿದ್ದರೆ ಗೊತ್ತಾಗುವುದಿಲ್ಲವೇ?